ಅಕ್ಷತೆ ನುಂಗಿದ ಇಂಜಿನ್

ಶರಣ ಬಂಧುಗಳೇ, ತಾಯಂದಿರೇ, ನಿನ್ನೆ ಇದೇ ಹೊತ್ತಿಗೆ ಆಸೆಯ ಬಗ್ಗೆ ಒಂದು ಗಂಟೆ ಮಾತಾಡಿದೆ. ನೀವೆಲ್ಲ ತಲೆದೂಗಿದಿರಿ. ತಲೆದೂಗುವುದರಲ್ಲಿ ಈ ಊರಿನವರನ್ನು ಮೀರಿಸುವವರು ಇಲ್ಲ. ತಲೆದೂಗಿ, ಪ್ರಸಾದ ಸ್ವೀಕರಿಸಿ, ಮನೆಗೆ ಹೋಗಿ, ಎಂದಿನ ಹಾಗೇ ಇದ್ದಿರಿ. ಇವತ್ತು ಬೆಳಿಗ್ಗೆ ಇಬ್ಬರು ನನ್ನ ಹತ್ತಿರ ಬಂದು, "ಬುದ್ಧೀ, ನಿನ್ನೆ ಬಹಳ ಚೆನ್ನಾಗಿತ್ತು" ಅಂದರು. ಏನು ಚೆನ್ನಾಗಿತ್ತು ಅಂತ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಯಸವೇ ಇರಬೇಕು. ಆದ್ದರಿಂದ ಇವತ್ತು ಉಪದೇಶ ಬೇಡ, ಒಂದು ಕಥೆ ಹೇಳುತ್ತೇನೆ.

ಒಬ್ಬ ಶ್ರೀಮಂತ. ಯಾವ ಊರಿನವನು ಎಂದು ಕೇಳಬೇಡಿ. ಹೇಳಿದರೆ ನಮ್ಮ ದಾಸೋಹ ಭವನಕ್ಕೆ ಹೊರಟಿರುವ ಸಿಮೆಂಟಿನ ಲಾರಿ ಅರ್ಧ ದಾರಿಯಿಂದ ವಾಪಸ್ ತಿರುಗಬಹುದು. ಆತನಿಗೆ ಎರಡು ಅಕ್ಕಿ ಗಿರಣಿ, ಮಹಡಿ ಮನೆ, ಮನೆಯ ಮುಂದೆ ದೊಡ್ಡ ಪೋರ್ಟಿಕೋ, ಪೋರ್ಟಿಕೋದಲ್ಲಿ ಒಂದು ಹಳೆಯ ಅಮೆರಿಕನ್ ಕಾರು. ಹಳೆಯದು ಎಂದರೆ ಗುಜರಿ ಅಲ್ಲ. ಅಣೆಕಟ್ಟು ಕಟ್ಟಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಹೊರಡುವಾಗ ಈತನ ತಂದೆಗೆ ಮಾರಿಹೋದದ್ದು. ಉದ್ದನೆಯ ಮೂತಿ, ಅಗಲವಾದ ಭುಜ, ಒಳಗೆ ಎಂಟು ಸಿಲಿಂಡರಿನ ಇಂಜಿನ್. ಇಂಥವಕ್ಕೆ ಮಸಲ್ ಕಾರ್ ಅನ್ನುತ್ತಾರಂತೆ. ನಮ್ಮ ಭಾಷೆಯಲ್ಲಿ ಜಟ್ಟಿ ಕಾರು ಅನ್ನೋಣ. ಅದಕ್ಕೆ ಇನ್ನೂರೈವತ್ತು ಕುದುರೆಯ ಶಕ್ತಿ.

ನೋಡಿ, ಆ ಊರಿನ ರಸ್ತೆಯಲ್ಲಿ ಎರಡು ಎಮ್ಮೆ ಅಡ್ಡ ಮಲಗಿದರೆ ಇನ್ನೂರೈವತ್ತು ಕುದುರೆಯೂ ಸುಮ್ಮನೆ ನಿಂತುಕೊಳ್ಳಬೇಕು. ಎಮ್ಮೆಗೆ ಕುದುರೆಯ ಲೆಕ್ಕ ತಿಳಿಯುವುದಿಲ್ಲ. ಹೀಗಿರುವಾಗ ಆ ಮನುಷ್ಯನಿಗೆ ಏನಾದರೂ ಕಡಿಮೆ ಇತ್ತೇ? ಇರಲಿಲ್ಲ. ಆದರೆ ನಮ್ಮ ಹಿರಿಯರು ಹೇಳುತ್ತಾರಲ್ಲ, ಇರಲಾರದೆ ಇರುವೆ ಬಿಟ್ಟುಕೊಂಡರು ಅಂತ. ಆ ಇರುವೆಗಳು ಈತನಿಗೆ ಸಿಕ್ಕಿದ್ದು ಪಟ್ಟಣದಲ್ಲಿ, ಹಳೆಯ ಕಾರುಗಳ ಮೆರವಣಿಗೆಯಲ್ಲಿ. ಅಲ್ಲಿಗೆ ಇನ್ನೊಬ್ಬ ಶ್ರೀಮಂತ ಬಂದಿದ್ದ. ಅವನದೂ ಅಂಥದೇ ಕಾರು, ಆದರೆ ಬಾನೆಟ್ ಕೊರೆದು ಅದರೊಳಗಿಂದ ಹೊಳೆಹೊಳೆಯುವ ಒಂದು ಯಂತ್ರ ಮೇಲಕ್ಕೆ ಎದ್ದು ನಿಂತಿತ್ತು. ಅವನು ನಮ್ಮವನ ಕಾರಿನ ಬೆನ್ನು ತಟ್ಟಿ ಕೇಳಿದ, "ಚೆನ್ನಾಗಿಟ್ಟಿದ್ದೀರಿ ಸಾರ್. ಮದುವೆ ಮೆರವಣಿಗೆಗೆ ಬಾಡಿಗೆ ಕೊಡ್ತೀರಾ?"

ಅಷ್ಟೇ. ಒಂದೇ ಮಾತು. ಮನೆಯ ಹೆಂಡತಿ ಹದಿನೆಂಟು ವರ್ಷ ಆಡಿದ ಮಾತು ಕಿವಿಗೆ ಬೀಳದ ಮನುಷ್ಯನಿಗೆ, ಬೀದಿಯಲ್ಲಿ ಸಿಕ್ಕವನ ಒಂದು ಮಾತು ಎದೆಗೆ ಹೋಗಿ ಕೂತಿತು.

ಆ ಯಂತ್ರಕ್ಕೆ ಸೂಪರ್‌ಚಾರ್ಜರ್ ಅನ್ನುತ್ತಾರೆ. ಏನದು ಅಂದರೆ, ಕಮ್ಮಾರನ ಕುಲುಮೆಯ ತಿದಿ ನೋಡಿದ್ದೀರಲ್ಲ, ಹಾಗೆ. ಇಂಜಿನ್ ತನಗೆ ಬೇಕಾದಷ್ಟು ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಅದು ಸಾಲದು ಎಂದು ಅದರ ತಲೆಯ ಮೇಲೆ ಊದುವ ಯಂತ್ರವೊಂದನ್ನು ಕೂರಿಸಿ, ಬೆಲ್ಟ್ ಕಟ್ಟಿ, ಗಾಳಿಯನ್ನು ಒತ್ತಿ ಒತ್ತಿ ತುಂಬುವುದು. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ಶಕ್ತಿ. ಇನ್ನೂರೈವತ್ತು ಕುದುರೆ ನಾನೂರಾಗುತ್ತವೆ. ಎಮ್ಮೆ ಮಾತ್ರ ಎರಡೇ.

ಯಂತ್ರ ಸಮುದ್ರ ದಾಟಿ ಬಂತು. ಪಟ್ಟಣದ ದೊಡ್ಡ ಗ್ಯಾರೇಜಿಗೆ ಕೊಟ್ಟಿದ್ದರೆ ಕೂರಿಸಿ ಕೊಡುತ್ತಿದ್ದರು. ಆದರೆ ಶ್ರೀಮಂತನಿಗೆ ಮನೆಯಲ್ಲೇ, ತನ್ನ ಕೈಯಾರೆ ಮಾಡಬೇಕೆಂಬ ಹಟ. ಮೊಬೈಲಿನಲ್ಲಿ ನಲವತ್ತು ವಿಡಿಯೋ ನೋಡಿದ್ದ. ಮೆಕ್ಯಾನಿಕ್‌ಗಳು ಹಾಕುವ ನೀಲಿ ಬಟ್ಟೆ ಹೊಲಿಸಿಕೊಂಡ, ಇಸ್ತ್ರಿ ಮಾಡಿಸಿದ. ಕೈಯಾರೆ ಅಂದರೆ ಯಾರ ಕೈ ಎಂದು ನೀವು ಕೇಳಬೇಕು. ಅದಕ್ಕೊಬ್ಬ ಮೇಸ್ತ್ರಿಯನ್ನು ಕರೆಸಿದ್ದ. ಲಾರಿ ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ. ಬೋಲ್ಟು ಬಿಚ್ಚುವುದು ಮೇಸ್ತ್ರಿ, ಬಿಚ್ಚಿದ ಬೋಲ್ಟಿನ ಜೊತೆ ಫೋಟೋ ತೆಗೆಸಿಕೊಳ್ಳುವುದು ಶ್ರೀಮಂತ.

ಮೇಸ್ತ್ರಿ ಮೊದಲ ದಿನವೇ ಹೇಳಿದ, "ಸಾವ್ಕಾರ್ರೆ, ಗಾಡಿ ಸುಖವಾಗೈತೆ. ಅದರ ತಂಟೆಗೆ ಯಾಕೆ ಹೋಗ್ತೀರಿ? ಗಾಳಿ ಜಾಸ್ತಿ ತುಂಬಿದ್ರೆ ಬಿಸಿ ಜಾಸ್ತಿ ಆಗ್ತತೆ. ರೇಡಿಯೇಟರ್ ದೊಡ್ಡದು ಬೇಕು. ಬ್ರೇಕು ಬೇರೆ ಬೇಕು. ಒಂದು ಮುಟ್ಟಿದ್ರೆ ಹತ್ತು ಮುಟ್ಟಬೇಕು."

"ಹತ್ತೂ ಮುಟ್ಟೋಣ" ಅಂದ ಶ್ರೀಮಂತ.

ಈಗ ಆ ಮನೆಯ ತಾಯಿಯ ವಿಷಯಕ್ಕೆ ಬರುತ್ತೇನೆ. ಆಕೆಗೆ ಉಬ್ಬಸ ಇತ್ತು. ಚಿಕ್ಕಂದಿನಿಂದ ಬಂದದ್ದಲ್ಲ, ಗಿರಣಿಯ ಹೊಟ್ಟಿನ ಧೂಳಿಗೆ ಮದುವೆಯಾದ ಮೇಲೆ ಅಂಟಿಕೊಂಡದ್ದು. ಮೆಟ್ಟಿಲು ಹತ್ತಿದರೆ ನಡುವೆ ಒಮ್ಮೆ ನಿಲ್ಲುತ್ತಿದ್ದಳು. ಮಾತಾಡುವಾಗ ವಾಕ್ಯವನ್ನು ಎರಡು ತುಂಡು ಮಾಡುತ್ತಿದ್ದಳು. ಮಲಗುವ ಕೋಣೆಯ ಕಿಟಕಿ ತೆರೆದರೆ ಕೆಳಗೇ ಪೋರ್ಟಿಕೋ. ಡಾಕ್ಟರು ಹೇಳಿದ್ದರು: ಹೊಗೆ ಆಗದು, ಧೂಳು ಆಗದು, ಕೋಣೆಯಲ್ಲಿ ಗಾಳಿ ಶುದ್ಧ ಮಾಡುವ ಯಂತ್ರವೊಂದನ್ನು ಇಡಿ. ಶ್ರೀಮಂತ ಕೆಟ್ಟವನಲ್ಲ, ಮಾರನೆಯ ವಾರವೇ ತರಿಸಿದ. ಒಳ್ಳೆಯ ಯಂತ್ರ. ಎರಡು ತಿಂಗಳು ಆಕೆ ನೆಮ್ಮದಿಯಾಗಿ ಮಲಗಿದಳು.

ಅಷ್ಟರಲ್ಲಿ ಇಂಜಿನ್ ಬಿಚ್ಚಿದರು. ಬಿಚ್ಚಿದ ಇಂಜಿನ್ ಮೇಲೆ ಧೂಳು ಕೂರಬಾರದು. ಒಂದು ಕಣ ಒಳಗೆ ಹೋದರೂ ಗೀರು ಬೀಳುತ್ತದೆ. ಶ್ರೀಮಂತ ಪೋರ್ಟಿಕೋ ಸುತ್ತ ಪ್ಲಾಸ್ಟಿಕ್ ಪರದೆ ಕಟ್ಟಿಸಿದ. ಆಮೇಲೆ ಮಹಡಿ ಹತ್ತಿ, ಹೆಂಡತಿಯ ಮಂಚದ ಪಕ್ಕದಲ್ಲಿದ್ದ ಯಂತ್ರದ ಪ್ಲಗ್ ಕಿತ್ತು, ಎತ್ತಿಕೊಂಡು ಇಳಿದ.

ಆಕೆ ಕೇಳಿದಳು, "ರೀ, ಅದು... ಎಲ್ಲಿಗೆ?"

"ನಾಕೇ ದಿನ ತಡ್ಕೊ. ಇಂಜಿನ್ ಮುಚ್ಚೋ ತನಕ. ಧೂಳು ಕೂತ್ರೆ ಅದು ಹಾಳಾಗ್ತದೆ."

"ನಂಗೂ... ಅದೇ ಅಲ್ವಾ ಡಾಕ್ಟ್ರು ಹೇಳಿದ್ದು?"

"ನೀನು ಕಿಟಕಿ ಮುಚ್ಕೊ."

ನಗುತ್ತಿದ್ದೀರಿ. ನಗಿ, ನಗಿ. ನಗುವವರಲ್ಲಿ ಗಂಡಸರೇ ಜಾಸ್ತಿ ಇದ್ದೀರಿ, ಅದನ್ನೂ ಗಮನಿಸಿದ್ದೇನೆ.

ನಾಲ್ಕು ದಿನ ನಾಲ್ಕು ವಾರವಾಯಿತು, ನಾಲ್ಕು ವಾರ ಮೂರು ತಿಂಗಳಾಯಿತು. ಒಂದು ಭಾಗ ಬಂದರೆ ಇನ್ನೊಂದು ಬರಲಿಲ್ಲ, ಎರಡೂ ಬಂದಾಗ ಅಳತೆ ಕೂರಲಿಲ್ಲ. ಆಕೆ ಒಮ್ಮೆ, "ಈ ಕೆಲಸ... ಗಿರಣಿ ಗೋಡೌನಿನಾಗೆ ಮಾಡಿದ್ರೆ ಆಗಲ್ವಾ?" ಅಂದಳು. "ಅಲ್ಲಿ ಧೂಳು ಇರ್ತದೆ, ಇಂಜಿನ್ನಿಗೆ ಆಗಲ್ಲ" ಅಂದ. ಎಂಥ ಕಾಳಜಿ ನೋಡಿ. ಕೇಳಿದರೆ ಕಣ್ಣಲ್ಲಿ ನೀರು ಬರಬೇಕು. ಇಂಜಿನ್ ಜೋಡಿಸಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕಪ್ಪು ಹೊಗೆ ಕಿಟಕಿಯ ಸಂದಿಯಿಂದ ನುಗ್ಗಿ ಮಹಡಿಯ ಕೋಣೆಯಲ್ಲಿ ತುಂಬಿತು. ಶ್ರೀಮಂತ ಕಣ್ಣು ಮುಚ್ಚಿ, ಕಿವಿಗೊಟ್ಟು ಕೇಳಿ, "ಮೇಸ್ತ್ರಿ, ಆರನೇ ಸಿಲಿಂಡರ್ ಒಂಚೂರು ಉಸಿರು ಹಿಡೀತಿದೆ" ಅಂದ. ಮೇಸ್ತ್ರಿ ನೋಡಿದ. ನಿಜವೇ. ಎಂಟು ಸಿಲಿಂಡರಿನಲ್ಲಿ ಆರನೆಯದರ ಉಸಿರು ಅರೆಕ್ಷಣ ತಡವಾಗಿದ್ದು ಶ್ರೀಮಂತನ ಕಿವಿಗೆ ತಿಳಿಯಿತು. ಅದೇ ಹೊತ್ತಿಗೆ ಅವನ ತಲೆಯ ಮೇಲೆ, ಮುಚ್ಚಿದ ಕಿಟಕಿಯ ಹಿಂದೆ ಹೆಂಡತಿ ಮಂಚದ ಅಂಚು ಹಿಡಿದು ಉಸಿರಿಗೆ ಒದ್ದಾಡುತ್ತಿದ್ದಳು. ಅದು ತಿಳಿಯಲಿಲ್ಲ. ಕಿವಿ ಅವೇ, ಸ್ವಾಮಿ.

ಕೊನೆಗೆ ಎಲ್ಲ ಮುಗಿದು ಒಂದೇ ಒಂದು ಉಳಿಯಿತು. ಬಾನೆಟ್ ಕೊರೆದ ತೂತಿನಿಂದ ಆ ಊದುವ ಯಂತ್ರ ಮೊಳದೆತ್ತರ ಮೇಲೆದ್ದಿತ್ತು. ಅದರ ನೆತ್ತಿಯಲ್ಲಿ ಗಾಳಿ ಎಳೆದುಕೊಳ್ಳಲು ಅಗಲವಾದ ಬಾಯಿ. ಮೇಸ್ತ್ರಿ ಹೇಳಿದ, "ಇದಕ್ಕೆ ಮೇಲೊಂದು ಫಿಲ್ಟರ್ ಹಾಕಾಣ. ಬಾಯಿ ತೆರೆದು ಬಿಡಬಾರದು."

"ಫಿಲ್ಟರ್ ಹಾಕಿದ್ರೆ ಮುಚ್ಚಿಹೋಗ್ತದೆ. ಇಷ್ಟು ಕಷ್ಟಪಟ್ಟಿದ್ದು ಮುಚ್ಚಿಡೋಕಾ? ಜನಕ್ಕೆ ಕಾಣಬೇಕು. ಪೂಜೆ ಆದ ಮೇಲೆ ಹಾಕು."

ಯಾವ ಪೂಜೆ? ಆಯುಧ ಪೂಜೆ. ಬೇರೆ ಯಾವ ದಿನವೂ ಸಿಗಲಿಲ್ಲ ಆ ಪುಣ್ಯಾತ್ಮನಿಗೆ. ಗೇಟಿನ ಬಾಯಿಗೆ ಅಡ್ಡವಾಗಿ ಜಟ್ಟಿಯನ್ನು ನಿಲ್ಲಿಸಿದ, ರಸ್ತೆಯಲ್ಲಿ ಹೋಗುವವರಿಗೂ ಕಾಣಲಿ ಎಂದು. ದಿನಬಳಕೆಯ ಕಾರು ಒಳಗೆ ಉಳಿಯಿತು. ಮೇಸ್ತ್ರಿಯ ಹಳೆಯ ಗೂಡ್ಸ್ ಆಟೋ ಒಳಗಿದ್ದರೆ ಶೋಭೆ ಕೆಡುತ್ತದೆ ಎಂದು ಅದನ್ನು ಹೊರಗೆ ಬೀದಿಯಲ್ಲಿ ನಿಲ್ಲಿಸಲು ಹೇಳಿದ್ದ. ನೂರು ಜನ ಬಂದರು. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳ, ಐನೋರ ಮಂತ್ರ. ಮನೆಯ ಯಜಮಾನಿ ಆರತಿ ಮಾಡಬೇಕಲ್ಲ, ಆಕೆಯನ್ನು ಕೆಳಗೆ ಕರೆದರು. ಆಕೆ ಆರತಿ ತಟ್ಟೆ ಹಿಡಿದು ಬಂದಳು, ಮೆಟ್ಟಿಲಲ್ಲಿ ಎರಡು ಕಡೆ ನಿಂತು.

ಮಂತ್ರ ಮುಗಿಯಿತು. ಐನೋರು, "ಎಲ್ಲಾರೂ ಅಕ್ಷತೆ ಹಾಕ್ರಿ" ಅಂದರು. ಈಗ ನೀವೇ ಹೇಳಿ. ನಮ್ಮ ಜನ ಅಕ್ಷತೆಯನ್ನು ಎಲ್ಲಿಗೆ ಹಾಕುತ್ತಾರೆ? ಮದುಮಗನಾದರೆ ಎಲ್ಲಿಗೆ? ತಲೆಗೆ. ಈ ಕಾರಿನ ತಲೆ ಯಾವುದು? ಮೇಲಕ್ಕೆ ಎದ್ದು ನಿಂತದ್ದೇ ತಲೆ. ಅದಕ್ಕೆ ಬಾಯಿಯೂ ತೆರೆದಿದೆ. ನೂರು ಜನ, ನೂರು ಹಿಡಿ, ಶ್ರದ್ಧೆಯಿಂದ, ಗುರಿಯಿಟ್ಟು ಹಾಕಿದರು. ಶ್ರೀಮಂತನ ಸ್ವಂತ ಗಿರಣಿಯ ಸಣ್ಣಕ್ಕಿ, ಅರಿಸಿನ ಹಚ್ಚಿದ್ದು. ಒಬ್ಬ ಸೋದರತ್ತೆ ಮುಂದೆ ಬಂದು, "ನಮ್ಮ ಹುಡುಗ ಎಷ್ಟು ಕಷ್ಟಪಟ್ಟೈತೆ" ಅನ್ನುತ್ತಾ ಚೆಂಡುಹೂವಿನ ಮಾರುದ್ದದ ಹಾರವನ್ನು ಆ ಬಾಯಿಯ ಸುತ್ತ ಹಾಕಿದಳು. ಮೇಸ್ತ್ರಿ ಹಿಂದೆ ನಿಂತು, "ಏ ಬ್ಯಾಡ, ಅಲ್ಲಿಗೆ ಬ್ಯಾಡ" ಅನ್ನುತ್ತಿದ್ದ. ಮಂಗಳವಾದ್ಯದಲ್ಲಿ ಮೇಸ್ತ್ರಿಯ ಮಾತು ಯಾರಿಗೆ ಬೇಕು?

ಶ್ರೀಮಂತ ಇಸ್ತ್ರಿಯ ನೀಲಿ ಬಟ್ಟೆಯಲ್ಲಿ ಹೋಗಿ ಕೂತ. ಕೀಲಿ ತಿರುಗಿಸಿದ. ಜಟ್ಟಿ ಗುರುಗುಟ್ಟಿತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಮೇಲೆ ಯಾರ ಕಾಲು ಸುಮ್ಮನಿರುತ್ತದೆ? ಪೂರ್ತಿ ಒತ್ತಿದ. ಆ ಬಾಯಿ ಒಂದೇ ಉಸಿರಿಗೆ ಅಕ್ಷತೆಯನ್ನೂ ಕುಂಕುಮವನ್ನೂ ಎಳೆದುಕೊಂಡಿತು, ಆಮೇಲೆ ಸೋದರತ್ತೆಯ ಹಾರವನ್ನು ದಾರಸಮೇತ ನುಂಗಿತು. ಒಳಗೆ ಕಟಕಟ ಎಂದಿತು. ಬೆಲ್ಟ್ ಜಾರಿ, ಉರಿದು, ಪಟಾರನೆ ಕಿತ್ತುಹೋಯಿತು. ರಬ್ಬರು, ಪೆಟ್ರೋಲು, ಸುಟ್ಟ ಹೂವು, ಎಲ್ಲ ಸೇರಿದ ದಟ್ಟ ಹೊಗೆ ಆ ಅಂಗಳವನ್ನು ತುಂಬಿತು.

ಹೊಗೆಯ ಎದುರಿಗೇ ನಿಂತಿದ್ದವಳು ಆಕೆ, ಆರತಿ ತಟ್ಟೆ ಹಿಡಿದು. ತಟ್ಟೆ ಕೈಯಿಂದ ಬಿತ್ತು. ಗೋಡೆ ಹಿಡಿದಳು, ಕುಸಿದಳು. ಉಸಿರು ಒಳಗೆ ಹೋಗುತ್ತಿಲ್ಲ.

ಜನ ಓಡಿದರು. ಎಲ್ಲಿಗೆ ಓಡಿದರು ಹೇಳಿ. ಕಾರಿನ ಹತ್ತಿರ. ನೂರಕ್ಕೆ ತೊಂಬತ್ತೆಂಟು ಜನ ಕಾರಿನ ಹತ್ತಿರ. ಅಯ್ಯೋ ಅಂದರು, ದೃಷ್ಟಿಯಾಯ್ತು ಅಂದರು, ಮೊಬೈಲ್ ತೆಗೆದು ವಿಡಿಯೋ ಮಾಡಿದರು. ಉಳಿದ ಇಬ್ಬರು ಅಡುಗೆಯಾಕೆ ಮತ್ತು ಮೇಸ್ತ್ರಿ. ಅಡುಗೆಯಾಕೆ ಹೊಗೆಯಲ್ಲಿ ನುಗ್ಗಿ ಶ್ರೀಮಂತನ ತೋಳು ಹಿಡಿದಳು. ಅವನಾಗಲೇ ಬಾನೆಟ್ಟಿನೊಳಗೆ ತಲೆಯಿಟ್ಟು, ಬೆರಳಿನಿಂದ ಅಕ್ಕಿ ಕಾಳು ಆರಿಸುತ್ತಿದ್ದ.

"ಸಾವ್ಕಾರ್ರೆ, ಅಮ್ಮಾರು ಬಿದ್ದಾರೆ. ಉಸಿರು ಬರ್ತಿಲ್ಲ. ಒಳಗಿನ ಕಾರು ತೆಗೀಬೇಕು, ಇದನ್ನ ಅತ್ಲಾಗೆ ತಳ್ಳಸ್ರಿ."

ಆತ ತಲೆ ಎತ್ತದೆ ಹೇಳಿದ, "ಯಾರೂ ತಳ್ಳಬೇಡಿ, ಒಳಗೆ ಅಕ್ಕಿ ಐತೆ, ಗೀರು ಬೀಳ್ತದೆ. ಒಂದ್ನಿಮಿಷ. ಬಂದೆ."

ಒಂದು ನಿಮಿಷ. ಬಂಧುಗಳೇ, ಆ ಒಂದು ನಿಮಿಷವನ್ನು ಕೇಳಿಸಿಕೊಂಡ ಮೇಸ್ತ್ರಿ ಎರಡನೆಯ ಸಲ ಕೇಳಲಿಲ್ಲ. ತಾಯಿಯನ್ನು ಎತ್ತಿಕೊಂಡು, ನಿಂತ ಜಟ್ಟಿಯ ಪಕ್ಕದ ಸಂದಿಯಲ್ಲಿ ನುಸುಳಿ, ಬೀದಿಯಲ್ಲಿದ್ದ ಗೂಡ್ಸ್ ಆಟೋದ ಹಿಂದೆ ಚೀಲದ ಮೇಲೆ ಕೂರಿಸಿದ. ಅಡುಗೆಯಾಕೆ ಹಿಂದಿನಿಂದ ಅಪ್ಪಿ ಹಿಡಿದುಕೊಂಡಳು. ಆ ಆಟೋದ ಶಕ್ತಿ ಎಷ್ಟು? ಎಂಟು ಕುದುರೆ, ಅದರಲ್ಲೂ ಎರಡು ಕುಂಟು. ನಾನೂರು ಕುದುರೆ ಬಾಯ್ತುಂಬ ಅಕ್ಷತೆ ತುಂಬಿಕೊಂಡು ಗೇಟಿಗೆ ಅಡ್ಡ ನಿಂತಿದ್ದಾಗ, ಆ ಎಂಟು ಕುದುರೆ ಹಾರನ್ ಹೊಡೆಯುತ್ತಾ, ದಾರಿಯುದ್ದಕ್ಕೂ ಒಡೆದ ಕುಂಬಳಕಾಯಿಗಳ ಮೇಲೆ ಜಾರುತ್ತಾ, ಆಸ್ಪತ್ರೆ ಮುಟ್ಟಿದವು. ಡಾಕ್ಟರು ಆಮೇಲೆ ಹೇಳಿದರಂತೆ, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು.

ನಮ್ಮ ಶ್ರೀಮಂತನ ಒಂದು ನಿಮಿಷ ಎಷ್ಟು ಹೊತ್ತಿಗೆ ಮುಗಿಯಿತು ಗೊತ್ತೇ? ನಲವತ್ತು ನಿಮಿಷಕ್ಕೆ. ಆಮೇಲೆ ತಲೆ ಎತ್ತಿ, "ಇವಳೆಲ್ಲಿ?" ಎಂದು ಕೇಳಿದ.

ಆಸ್ಪತ್ರೆಗೆ ಬಂದ. ಬಾಗಿಲ ಹೊರಗೆ ಮೇಸ್ತ್ರಿ ಬೆಂಚಿನ ಮೇಲೆ ಕೂತಿದ್ದ, ಎದ್ದು ನಿಲ್ಲಲಿಲ್ಲ. ಒಳಗೆ ಆಕೆಯ ಮುಖಕ್ಕೆ ಮಾಸ್ಕ್ ಹಾಕಿದ್ದರು. ಕೊಳವೆಯಲ್ಲಿ ಗಾಳಿ ಬರುತ್ತಿತ್ತು, ಎದೆಯೊಳಗಿಂದ ಸುಯ್, ಸುಯ್ ಎಂಬ ಸದ್ದು. ಅವನು ಸ್ಟೂಲಿನ ಮೇಲೆ ಕೂತು ಆ ಸದ್ದು ಕೇಳಿದ. ಮದುವೆಯಾದ ಹದಿನೆಂಟು ವರ್ಷದಲ್ಲಿ ಅದನ್ನು ಅವನು ಕೇಳಿದ್ದು ಆವತ್ತೇ ಮೊದಲು. ಕೈಗೆ ಗ್ರೀಸು, ಉಗುರಿನ ಸಂದಿಯಲ್ಲಿ ಅರಿಸಿನದ ಅಕ್ಕಿ. ಆ ಕೈಯಲ್ಲೇ ಆಕೆಯ ಕೈ ಹಿಡಿದ.

ಆಕೆ ಕಣ್ಣು ಬಿಟ್ಟಳು. ಮಾಸ್ಕನ್ನು ಒಂದು ಬೆರಳಿನಿಂದ ಸರಿಸಿ, ಎರಡು ತುಂಡು ಮಾಡಿ ಕೇಳಿದಳು, "ಗಾಡಿ... ಸರಿಹೋಯ್ತಾ?"

ತಾಯಂದಿರೇ, ನೀವು ಅಂದುಕೊಂಡಿರಿ, ಆಕೆ ಚುಚ್ಚಿದಳು ಅಂತ. ಇಲ್ಲ. ಚುಚ್ಚಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆಕೆ ನಿಜವಾಗಿಯೇ ಕೇಳಿದಳು. ಹದಿನೆಂಟು ವರ್ಷ ಆ ಮನೆಯಲ್ಲಿ ಕಲಿತ ಪಾಠ ಅದು: ಈ ಮನುಷ್ಯನ ಮುಖ ಸಪ್ಪಗಾದರೆ ಮೊದಲು ಸಾಮಾನಿನ ಯೋಗಕ್ಷೇಮ ವಿಚಾರಿಸಬೇಕು. ಅವನು ಅತ್ತನಂತೆ. ಅಳಲಿ ಬಿಡಿ, ಸ್ವಲ್ಪ ಅಳಬೇಕಾದದ್ದೇ. ನನಗೆ ಅವನ ಮೇಲೆ ಕನಿಕರಕ್ಕಿಂತ ಸಿಟ್ಟೇ ಜಾಸ್ತಿ.

ಈಗ ಈ ಕಥೆಯಿಂದ ನಿಮಗೇನು? ನಿಮ್ಮಲ್ಲಿ ಬಹಳ ಜನ ಆಗಲೇ ಹಗುರಾಗಿ ಕೂತಿದ್ದೀರಿ. ನಮ್ಮ ಮನೇಲಿ ಜಟ್ಟಿ ಕಾರಿಲ್ಲ, ಬುದ್ಧಿಯವರು ಹೇಳಿದ್ದು ಮುಂದಿನ ಸಾಲಿನವರಿಗೆ, ನಮಗಿರುವುದು ಒಂದು ಮೊಪೆಡ್ಡು ಅಂತ. ಮೊಪೆಡ್ಡಿನವರೇ, ನಿಮ್ಮ ಮೊಬೈಲಿಗೆ ಗೀರು ಬೀಳಬಾರದು ಎಂದು ಗಾಜು ಅಂಟಿಸಿ, ಕವಚ ತೊಡಿಸಿ, ಎದೆಯ ಮೇಲೆ ಇಟ್ಟುಕೊಂಡು ತಿರುಗುತ್ತೀರಲ್ಲ, ಪಕ್ಕದ ಕೋಣೆಯಲ್ಲಿ ನಿಮ್ಮಪ್ಪನಿಗೆ ಕನ್ನಡಕದ ಗಾಜು ಒಡೆದು ಎಷ್ಟು ತಿಂಗಳಾಯಿತು? ತಾಯಂದಿರೇ, ನೀವು ತಪ್ಪಿಸಿಕೊಂಡಿರಿ ಎಂದು ತಿಳಿಯಬೇಡಿ. ಸೋಫಾಕ್ಕೆ ಧೂಳು ಕೂರಬಾರದೆಂದು ಮಗಳನ್ನು ನೆಲದ ಮೇಲೆ ಕೂರಿಸುವವರು ನಿಮ್ಮಲ್ಲಿಲ್ಲವೇ? ಇನ್ನು ಕೆಲವು ಭಕ್ತರಿದ್ದಾರೆ. ಎರಡು ಗಂಟೆ ಪೂಜೆ, ಬಾಗಿಲ ಹೊರಗೆ ಹೆಂಡತಿ ಜ್ವರದ ಮಾತ್ರೆ ತರಲು ಹೇಳಿ ಕಾಯುತ್ತಿರುತ್ತಾಳೆ. ಪೂಜೆ ಮುಗಿಯಲಿ, ಒಂದ್ನಿಮಿಷ ಅನ್ನುತ್ತಾರೆ. ದೇವರು ಆ ಪೂಜೆಯನ್ನು ಒಪ್ಪುತ್ತಾನೆ ಅಂತ ನಾನು ಹೇಳಲಾರೆ. ನೀವೇ ಕೇಳಿಕೊಳ್ಳಿ.

ಹೊಸದು ತರಬೇಡಿ ಅನ್ನುತ್ತಿಲ್ಲ. ತನ್ನಿ. ತರುವ ಮುಂಚೆ ಮನೆಯಲ್ಲಿ ಒಂದು ಸುತ್ತು ತಿರುಗಿ, ಯಾರಿಗೆ ಏನು ನೋಯುತ್ತಿದೆ ಎಂದು ಬಾಯಿಬಿಟ್ಟು ಕೇಳಿ. ಉತ್ತರ ಬರುವ ತನಕ ನಿಲ್ಲಿ. ಅವರಿಗೆಂದು ತಂದದ್ದನ್ನು ಸಾಮಾನಿಗೆ ಕಿತ್ತುಕೊಡಬೇಡಿ, ನಾಲ್ಕು ದಿನದ ಮಟ್ಟಿಗೂ ಬೇಡ. ಮನೆಯವರು ಕರೆದಾಗ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಏಳಿ. "ಒಂದ್ನಿಮಿಷ" ಎಂಬ ಮಾತನ್ನು ನಾಳೆಯಿಂದ ಅಲ್ಲ, ಇವತ್ತಿನಿಂದಲೇ ನಾಲಿಗೆಯಿಂದ ತೆಗೆದುಹಾಕಿ.

ತಲೆದೂಗುತ್ತಿದ್ದೀರಿ. ಸಂತೋಷ. ಹಾಗಾದರೆ ಒಂದು ಮಾತು ಕೇಳುತ್ತೇನೆ. ಈ ಕಥೆ ಶುರುವಾದಾಗಿನಿಂದ ಹೆಣ್ಣುಮಕ್ಕಳ ಕಡೆ, ಮೂರನೇ ಕಂಬದ ಹತ್ತಿರ, ವಯಸ್ಸಾದ ತಾಯಿಯೊಬ್ಬರು ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಿದ್ದಾರೆ. ನಿಮಗೆ ಸದ್ದಾಗಬಾರದೆಂದು ಒತ್ತಿಕೊಂಡಿದ್ದಾರೆ. ಐನೂರು ಜನರಲ್ಲಿ ಯಾರಾದರೂ ಕೇಳಿಸಿಕೊಂಡಿರಾ? ಇಲ್ಲ ಅಲ್ಲವೇ. ನಾನು ಕೇಳಿಸಿಕೊಂಡೆ. ಎರಡು ಸಲ ಕೇಳಿಸಿಕೊಂಡೆ. ಕಥೆ ನಿಲ್ಲಿಸಿದರೆ ರಸ ಕೆಡುತ್ತದೆ ಎಂದು ಮುಂದುವರಿಸಿದೆ. ಆ ಶ್ರೀಮಂತನ ಮೇಲೆ ಇಷ್ಟು ಹೊತ್ತು ಸಿಟ್ಟು ಮಾಡಿದವನು ನಾನು.

ಮಂಗಳಾರತಿ ಆಮೇಲೆ. ಯಾರಾದರೂ ಎದ್ದು ಆ ತಾಯಿಗೆ ಮೊದಲು ನೀರು ಕೊಡಿ.